ಎರಡೂ ಕೈ ಸಾರ್, ಎರಡೂ ಕೈ!

ನಮಸ್ಕಾರ. ಹೋದ ವಾರ ಟಕಯಾಸು ಆರ್ಟರೈಟಿಸ್ ಅನ್ನೋ ರಕ್ತನಾಳದ ಕಾಯಿಲೆ ಬಗ್ಗೆ ಮಾತಾಡಿ, ಅನುಮಾನ ಬಂದರೆ ಎರಡೂ ಕೈಯಲ್ಲಿ ಬಿಪಿ ನೋಡಿ ಅಂದಿದ್ದೆ ಅಲ್ವಾ? ಒಬ್ಬ ಡಾಕ್ಟರ್ ಸಾಹೇಬರ ಕಾಮೆಂಟ್ ಬಂದಿದೆ. "ದಿನಕ್ಕೆ ನೂರು ಪೇಶೆಂಟ್. ಎರಡೂ ಕೈಯಲ್ಲಿ ಬಿಪಿ ನೋಡ್ತಾ ಕೂತರೆ ಕ್ಲಿನಿಕ್ ಮುಚ್ಚಬೇಕಷ್ಟೆ."

ಸಾರ್, ನೂರೂ ಜನಕ್ಕೆ ನೋಡಿ ಅಂತ ನಾನು ಹೇಳಲೇ ಇಲ್ಲ. 25ರ ಹುಡುಗಿ ಬಂದು, ಬಟ್ಟೆ ಒಗೆಯುವಾಗ ಎಡಗೈ ಸೋತುಹೋಗುತ್ತೆ, ತಲೆ ಸುತ್ತುತ್ತೆ, ಸಣ್ಣ ಜ್ವರ ಬಿಡ್ತಾನೇ ಇಲ್ಲ ಅಂದರೆ, ಅವಳಿಗೆ ನೋಡಿ. ಎರಡೂ ಕೈ!

ಈ ಕಾಯಿಲೆಯಲ್ಲಿ ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ ಅಯೋರ್ಟಾ ಮತ್ತು ಅದರ ಕವಲುಗಳಿಗೆ ಉರಿಯೂತ ಬರುತ್ತದೆ. ನಾಳದ ಗೋಡೆ ದಪ್ಪಗಾಗಿ ದಾರಿ ಕಿರಿದಾಗುತ್ತದೆ. ಹೆಚ್ಚಾಗಿ 40ರ ಒಳಗಿನ ಹೆಂಗಸರಿಗೆ. ಕಿರಿದಾದ ಕಡೆಯ ಕೈಯಲ್ಲಿ ಬಿಪಿ ಕಮ್ಮಿ ತೋರಿಸುತ್ತೆ. "ಲೋ ಬಿಪಿ ಕಣಮ್ಮ, ಉಪ್ಪಿನಕಾಯಿ ತಿನ್ನು" ಅಂತ ಕಳಿಸುತ್ತಾರೆ. ಕಿಡ್ನಿಯ ನಾಳವೂ ಕಟ್ಟಿದ್ದರೆ ಇನ್ನೊಂದು ಕೈಯಲ್ಲಿ 180 ಇರಬಹುದು! ನೋಡಿದವರು ಯಾರು?

"ರಕ್ತ ಪರೀಕ್ಷೆ ನಾರ್ಮಲ್ ಇತ್ತಲ್ಲ" ಅಂತೀರಾ? ಉರಿಯೂತ ತೋರಿಸುವ ಇಎಸ್‌ಆರ್ ಪರೀಕ್ಷೆ ನಾರ್ಮಲ್ ಇದ್ದೂ ಒಳಗೆ ಕಾಯಿಲೆ ಇರಬಹುದು ಸ್ವಾಮಿ. ನಾಡಿ ಹಿಡಿದು ನೋಡಿ. 1908ರಲ್ಲಿ ಜಪಾನಿನ ಕಣ್ಣಿನ ಡಾಕ್ಟರ್ ಮಿಕಿಟೊ ಟಕಯಾಸು ಒಬ್ಬ ಯುವತಿಯ ಕಣ್ಣಿನ ನಾಳ ನೋಡಿ ವರದಿ ಮಾಡಿದರು. ಇಂಥದ್ದೇ ಕಣ್ಣಿನ ರೋಗಿಗಳಿಗೆ ಕೈಯಲ್ಲಿ ನಾಡಿ ಸಿಗ್ತಿಲ್ಲ ಅಂತ ಆಗಲೇ ಅವರ ಜೊತೆಗಾರ ಡಾಕ್ಟರುಗಳು ಹೇಳಿದ್ದರು. ಆಗ ರಕ್ತನಾಳ ತೋರಿಸುವ ಸಿಟಿ ಆಂಜಿಯೋ ಸ್ಕ್ಯಾನ್ ಇತ್ತಾ? ಬೆರಳು ಇತ್ತು!

"ಅಪರೂಪದ ಕಾಯಿಲೆ ಬಿಡಿ." ಬಿಡಲ್ಲ. ಜಪಾನ್, ಭಾರತದಂಥ ಕಡೆ ಇದು ಜಾಸ್ತಿ. ಎರಡು ಕೈಗಳ ನಡುವೆ 10 ಪಾಯಿಂಟ್‌ಗಿಂತ ಹೆಚ್ಚು ಬಿಪಿ ವ್ಯತ್ಯಾಸ ಅಂತ ಈ ಕಾಯಿಲೆ ಗುರುತಿಸೋ 1990ರ ಮಾನದಂಡದ ಪಟ್ಟಿಯಲ್ಲೇ ಇತ್ತು. 2022ರ ಹೊಸದರಲ್ಲಿ 20. ಅಂದರೆ ಎರಡೂ ಕೈ ನೋಡದೆ ಪಟ್ಟಿ ತುಂಬೋದು ಹೇಗೆ? ಜ್ಯೋತಿಷ್ಯದಲ್ಲಾ?

ಇನ್ನೊಬ್ಬ ಅಂಕಲ್, "ಮದುವೆ ಮಾಡಿಸಿ, ಸುಸ್ತು ಹೋಗುತ್ತೆ." ಅಂಕಲ್, ನಿಮ್ಮನ್ನ ಬ್ಲಾಕ್ ಮಾಡಿದ್ದೀನಿ.

ಟೈಮ್ ಇಲ್ವಂತೆ! ಕಾಮೆಂಟ್ ಟೈಪ್ ಮಾಡೋಕೆ ಟೈಮ್ ಇತ್ತಲ್ಲ? ಎರಡೂ ಕೈಯಲ್ಲಿ ಟೈಪ್ ಮಾಡಿದ್ದಿರಬೇಕು! ನಿಮಗೆ ಎರಡು ಕೈ, ಪೇಶೆಂಟ್‌ಗೆ ಒಂದೇನಾ?

ಸರಿ, ನನ್ನ ಬಿಪಿ ಏರಿತು. ಮುಂದಿನ ವಾರ ಈ ಕಾಯಿಲೆಗೆ ಕೊಡೋ ಸ್ಟೀರಾಯ್ಡ್ ಮಾತ್ರೆ ಬಗ್ಗೆ. ಮುಖ ಊದುತ್ತೆ ಅಂತ ಹೆದರಿ, ಡಾಕ್ಟರನ್ನ ಕೇಳದೆ ಮಾತ್ರೆ ಬಿಡಬೇಡಿ. ಸಬ್‌ಸ್ಕ್ರೈಬ್ ಆಗಿ, ಬೆಲ್ ಒತ್ತಿ. ಅದಕ್ಕೆ ಒಂದೇ ಕೈ ಸಾಕು.