ಶಾರನ್ಸ್ ಹಳ್ಳಿಯಲ್ಲಿ ಒಂದು ಮಧ್ಯಾಹ್ನ

ಸ್ವಿಟ್ಜರ್ಲೆಂಡಿನ ಕೂರ್‌ನಿಂದ ನಮ್ಮನ್ನು ಕರೆತಂದ ಕೆಂಪು ರೈಲು ಇದೇ. ಈಗ ತೂಸಿಸ್‌ನಲ್ಲಿ ಇಳಿದಿದ್ದೇನೆ. 77 ಬಾಂಬೆ ಸ್ಟ್ರೀಟ್ ಅನ್ನೋ ಸ್ವಿಸ್ ಬ್ಯಾಂಡಿನ ಊರು ಶಾರನ್ಸ್ ನೋಡಬೇಕು. ಇಲ್ಲಿಂದ ತುಂಬಾ ಹತ್ತಿರ, ಬಸ್ಸಿದೆ.

ಈ ಶಾಟಿನಲ್ಲಿ ನಾನು ಮಾತಾಡುತ್ತಲೇ ಇದ್ದೇನೆ, ಆದರೆ ಬರೀ ಗಾಳಿ ಸದ್ದು. ಮೈಕಿಗೆ ಹಾಕುವ ಆ ಕೂದಲಿನ ಟೋಪಿ ರೈಲಿನಲ್ಲೇ ಬಿದ್ದುಹೋಯಿತು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ 120 ರೂಪಾಯಿಗೆ ತಂದಿದ್ದೆ. ವಾಪಸ್ ಬಂದ ಮೇಲೆ ಒಂದು ಅಂಗಡಿಯಲ್ಲಿ ಕೇಳಿದರೆ 35 ಫ್ರಾಂಕ್ ಅಂದರು. ಅಂದರೆ ಮೂರು ಸಾವಿರ ರೂಪಾಯಿಗೂ ಜಾಸ್ತಿ! ಹೆಬ್ಬೆರಳಿನಷ್ಟು ದೊಡ್ಡ ವಸ್ತು. ಕೈಯಲ್ಲಿ ಹಿಡಿದು ನೋಡಿದೆ, ಹೊಲಿಗೆ ಕೂಡ ನನ್ನದೇ ಚೆನ್ನಾಗಿತ್ತು. ತಗೊಳ್ಳಲಿಲ್ಲ. ಅದಕ್ಕೇ ಇವತ್ತು ಪೂರ್ತಿ ಮನೆಯಲ್ಲಿ ಕೂತು ಮಾತು ಸೇರಿಸುತ್ತಿದ್ದೇನೆ.

ಅಯ್ಯೋ, ಬಸ್ಸಿನ ಶಾಟ್ ಮುಗಿದೇ ಹೋಯಿತು. ಇದು ಶಾರನ್ಸ್. 77 ಬಾಂಬೆ ಸ್ಟ್ರೀಟ್ ಬ್ಯಾಂಡಿನ ಹುಡುಗರ ಊರು.

ಹೆಸರು ಕೇಳಿದ ತಕ್ಷಣ ನಮ್ಮವರಿಗೆ ಮುಂಬೈ ನೆನಪಾಗುತ್ತದೆ, ಅಲ್ವಾ? ಮುಂಬೈಗೂ ಇದಕ್ಕೂ ಸಂಬಂಧವಿಲ್ಲ. ಈ ಹುಡುಗರ ಬೂಖ್ಲಿ ಕುಟುಂಬ ಸುಮಾರು ಎರಡು ವರ್ಷ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿತ್ತು. ಆ ಮನೆಯ ವಿಳಾಸ ಅದು. ಮ್ಯಾಟ್, ಜೋ, ಎಸ್ರಾ, ಸಿಮ್ರಿ-ರಾಮೋನ್, ನಾಲ್ಕೂ ಜನ ಒಡಹುಟ್ಟಿದವರು. ಬಿಟ್ಟುಬಂದ ಮನೆಯ ನಂಬರನ್ನೇ ಬ್ಯಾಂಡಿಗೆ ಇಟ್ಟುಕೊಂಡಿದ್ದಾರೆ. ನಮ್ಮ ಹಳೇ ಮನೆ ನಂಬರ್ 14 ಇತ್ತು. ಈಗಲೂ ಎಲ್ಲಾದರೂ 14 ಕಂಡರೆ ನಮ್ಮಮ್ಮ ನಿಂತು ನೋಡುತ್ತಾರೆ.

ಇದು ಊರ ಮಧ್ಯದ ಲಿಂಡೆನ್ ಮರ. ನೂರಾರು ವರ್ಷದ್ದು. ನಮ್ಮ ಅರಳಿಕಟ್ಟೆಯ ಹಾಗೆ ಸುಮ್ನೆ ಕೂತಿರಬಹುದು, ನಾನು ಕೂತೆ.

ಈ ಕೆಂಪು ಕಾಂಕ್ರೀಟ್ ಗೋಡೆ ಬ್ಯಾಂಡಿನದಲ್ಲ. ಲಿನಾರ್ಡ್ ಬಾರ್ಡಿಲ್ ಅನ್ನೋ ಹಾಡುಗಾರನಿಗಾಗಿ ವಾಸ್ತುಶಿಲ್ಪಿ ವಾಲೆರಿಯೋ ಓಲ್ಜಾಟಿ 2007ರಲ್ಲಿ ಕಟ್ಟಿದ್ದು. ಹಳೇ ಕೊಟ್ಟಿಗೆ ಇದ್ದ ಜಾಗ. ದೂರದಿಂದ ನೋಡಿ ಚೆನ್ನಾಗಿಲ್ಲ ಅಂದುಕೊಂಡೆ. ಹತ್ತಿರ ಹೋದರೆ ಗೋಡೆ ತುಂಬಾ ಹೂವಿನಂಥ ಕೆತ್ತನೆ! ತುಂಬಾ ಚೆನ್ನಾಗಿದೆ.

ಬ್ಯಾಂಡಿಗೆ ಬರೋಣ. ಮೊದಲ ಆಲ್ಬಂ, 'ಅಪ್ ಇನ್ ದ ಸ್ಕೈ', 2011. ಮರುವರ್ಷವೇ 'ಓಕೋ ಟೌನ್', ಸ್ವಿಸ್ ಪಟ್ಟಿಯಲ್ಲಿ ಒಂದನೇ ಸ್ಥಾನ. ಇಷ್ಟು ಸಣ್ಣ ಹಳ್ಳಿಯಿಂದ ಹೋಗಿ, ಇಂಗ್ಲಿಷಿನಲ್ಲಿ ಹಾಡಿ! ಸೈನಿಕರ ಉಡುಪಿನಂಥ ಬಣ್ಣಬಣ್ಣದ ಕೋಟು ಹಾಕಿಕೊಂಡು ವೇದಿಕೆಗೆ ಬರುತ್ತಿದ್ದರು. ಆ ಕೋಟು ನನಗೆ ಮೊದಲು ಹಿಡಿಸಿರಲಿಲ್ಲ. ಈಗ ಅದಿಲ್ಲದಿದ್ದರೆ ಏನೋ ಕಮ್ಮಿ ಅನಿಸುತ್ತದೆ.

2015ರಲ್ಲಿ 'ಸೆವೆನ್ ಮೌಂಟನ್ಸ್' ಬಂತು. ಹಿಂದಿನ ವಿಡಿಯೋದಲ್ಲಿ ಇದು ಸಪ್ಪೆ ಅಂದಿದ್ದೆ. ಆ ಮಾತು ವಾಪಸ್. ಈ ಕಣಿವೆಯಲ್ಲಿ ನಡೆಯುತ್ತಾ ಇಯರ್‌ಫೋನ್‌ನಲ್ಲಿ ಕೇಳಿದೆ. ಅಣ್ಣತಮ್ಮಂದಿರ ದನಿ ಒಂದರೊಳಗೊಂದು ಸೇರಿದಾಗ ಯಾರದು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಅದನ್ನು ಯಾರೂ ಕಲಿಸಲಾಗದು, ಒಂದೇ ಮನೆಯಲ್ಲಿ ಬೆಳೆದಿರಬೇಕು. ಆಮೇಲೆ ಕೆಲವು ವರ್ಷ ಬ್ಯಾಂಡ್ ನಿಲ್ಲಿಸಿ, ಮತ್ತೆ ನಾಲ್ವರೂ ಸೇರಿದರು ಅಂದಾಗ ನನಗೆಷ್ಟು ಖುಷಿಯಾಯಿತು ಅಂದರೆ...

ಬಸ್ಸು ಬಂತು, ಕ್ಯಾಮೆರಾ ಬ್ಯಾಗಿಗೆ ಹೋಗುತ್ತಿದೆ. ಯಾವ ಹಾಡಿನಿಂದ ಶುರು ಮಾಡಬೇಕು ಅಂತ ಮುಂದಿನ ವಿಡಿಯೋದಲ್ಲಿ ಹೇಳುತ್ತೇನೆ.