ನಿವೃತ್ತರ ಆರೋಗ್ಯ ವಿಮೆ: ಕಂತಿಗಿಂತ ಮೊದಲು ನೋಡಬೇಕಾದ್ದು

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಮಾಡುವ ನಿವೃತ್ತರು ಒಂದು ಪ್ರಶ್ನೆ ಕೇಳುತ್ತಲೇ ಇರುತ್ತಾರೆ: ಈ ವಯಸ್ಸಿನಲ್ಲಿ ಖಾಸಗಿ ಕಂಪನಿಯವರು ಆರೋಗ್ಯ ವಿಮೆ ಕೊಡ್ತಾರಾ? ಕೊಡುತ್ತಾರೆ. ಎಲ್ಲ ವಯಸ್ಸಿನವರಿಗೂ ಪಾಲಿಸಿ ಇರಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲೇ ಹೇಳಿದೆ. ಆದರೆ ಬಹಳ ಜನ ಕಂತು ಎಷ್ಟು ಅಂತ ಮಾತ್ರ ನೋಡಿ ಸಹಿ ಹಾಕುತ್ತಾರೆ. ನನಗೆ ಚಿಂತೆ ಇರುವುದು ಇಲ್ಲೇ.

ಮೊದಲು ಆಸ್ಪತ್ರೆಯ ರೂಮ್ ಬಾಡಿಗೆಗೆ ಪಾಲಿಸಿಯಲ್ಲಿರುವ ಮಿತಿ ನೋಡಿ. 3 ಲಕ್ಷದ ಪಾಲಿಸಿ, ದಿನಕ್ಕೆ ಶೇಕಡ 1ರ ಮಿತಿ ಅಂದುಕೊಳ್ಳಿ. ಅಂದರೆ 3,000 ರೂಪಾಯಿ. ನೀವು 6,000 ರೂಪಾಯಿ ರೂಮಿಗೆ ಸೇರಿದರೆ, ಕೈಯಿಂದ ಹೋಗುವುದು ಬಾಡಿಗೆಯ ವ್ಯತ್ಯಾಸ ಅಷ್ಟೇ ಅಲ್ಲ. ಅನೇಕ ಪಾಲಿಸಿಗಳಲ್ಲಿ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಖರ್ಚೂ ಅದೇ ಲೆಕ್ಕದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆ ಬಾಬ್ತು 80,000 ಆಗಿದ್ದರೆ 40,000 ನಿಮ್ಮ ಮೇಲೆ. ಔಷಧಿ, ತಪಾಸಣೆಯಂಥ ಖರ್ಚಿಗೆ ಈ ಕಡಿತ ಇಲ್ಲ. ಇದರ ಮೇಲೆ ಶೇಕಡ 20 ಕೋ-ಪೇ, ಅಂದರೆ ಬಿಲ್ಲಿನಲ್ಲಿ ನಿಮ್ಮ ಪಾಲು ಅಂತ ಇದ್ದರೆ, ಉಳಿದದ್ದರಲ್ಲೂ ಐದನೇ ಒಂದು ಪಾಲು ನೀವೇ ಕಟ್ಟಬೇಕು. ಅಗ್ಗದ ಕಂತು ದುಬಾರಿ ಆಗುವುದು ಹೀಗೆ.

ನಮ್ಮ ಊರಿನವರು ಇನ್ನೊಂದನ್ನು ಕೇಳಿ ತಿಳಿಯಬೇಕು. ಕೆಲವು ಕಂಪನಿಗಳು ಊರಿನ ಲೆಕ್ಕದಲ್ಲಿ ಕಂತು ಹಾಕುತ್ತವೆ. ದಾವಣಗೆರೆ, ಚಿತ್ರದುರ್ಗದ ಕಂತು ಕಡಿಮೆ. ಹೃದಯದ ಆಪರೇಷನ್‌ಗೆ ಬೆಂಗಳೂರಿಗೆ ಹೋದರೆ ಹೆಚ್ಚುವರಿ ಕೋ-ಪೇ ಬೀಳಬಹುದು. ನಗದುರಹಿತ ಚಿಕಿತ್ಸೆಯ ಆಸ್ಪತ್ರೆ ಪಟ್ಟಿಯಲ್ಲಿ ನಿಮ್ಮೂರಿನದೂ ಬೆಂಗಳೂರಿನದೂ ಇದೆಯೇ ನೋಡಿ.

ಸಕ್ಕರೆ, ಬಿಪಿ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ಈಗಾಗಲೇ ಇರುವ ಕಾಯಿಲೆಗೆ ವಿಮೆ ಹಣ ಸಿಗಲು ಕಾಯುವ ಅವಧಿ ಹೆಚ್ಚೆಂದರೆ 3 ವರ್ಷ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮೇ ಹೋಗಬಹುದು. ಏಜೆಂಟರು "ಬರೆಯೋದು ಬೇಡ ಬಿಡಿ" ಅಂದರೂ ನೀವೇ ಅರ್ಜಿಯಲ್ಲಿ ಬರೆಸಿ.

ಇನ್ನೂ ಕೆಲಸದಲ್ಲಿರುವವರು, ಕಚೇರಿಯ ಗುಂಪು ವಿಮೆ ಮುಗಿಯುವ ಮೊದಲೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಕೇಳಿ. ಅಲ್ಲಿ ಕಾಯ್ದ ಕಾಲ ಇಲ್ಲಿಗೂ ಲೆಕ್ಕಕ್ಕೆ ಸೇರುತ್ತದೆ. ನಿವೃತ್ತಿಯಾಗಿ ಆರು ತಿಂಗಳ ಮೇಲೆ ಕೇಳಿದರೆ ಈ ಅನುಕೂಲ ಸಿಗುವುದು ಕಷ್ಟ.

ವೈಯಕ್ತಿಕ ಪಾಲಿಸಿಯ ಕಂತಿನ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಪಾಲಿಸಿ ಕೈಗೆ ಬಂದ ಮೇಲೂ 30 ದಿನ ಓದಿ ನೋಡಲು ಸಮಯವಿದೆ. ಬೇಡವೆನಿಸಿದರೆ ವಾಪಸ್ ಮಾಡಬಹುದು. ಮಗ ಅಥವಾ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಷರತ್ತುಗಳನ್ನು ಓದಿಸಿಕೊಳ್ಳಿ. ಕಂಪನಿಯಲ್ಲಿ ನ್ಯಾಯ ಸಿಗದಿದ್ದರೆ ಪ್ರಾಧಿಕಾರದ 155255ಕ್ಕೆ ಫೋನ್ ಮಾಡಿ ದೂರು ಕೊಡಿ. ನಮಸ್ಕಾರ.