ಹೆಸರಿಲ್ಲದ ಗಳಿಗೆಗಳಿಗೆ ಒಂದೊಂದು ಪದ

ಎಲ್ಲರಿಗೂ ನಮಸ್ಕಾರ.

ಮೆಜೆಸ್ಟಿಕ್ಕಿನಲ್ಲಿ ದಿನವೂ ಕಾಣುವ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಯಾರೋ ಬಂದು ಹಿಂದಿಯಲ್ಲಿ ದಾರಿ ಕೇಳುತ್ತಾರೆ. ನಾವೂ ತಡವರಿಸುತ್ತ ಹಿಂದಿಯಲ್ಲೇ ಹೇಳುತ್ತೇವೆ. ಅಷ್ಟರಲ್ಲಿ ಅವರಿಗೊಂದು ಫೋನ್ ಬರುತ್ತದೆ. ‘ಹೂಂ ಅಮ್ಮ, ಬಸ್ ಇಳಿದೆ’ ಎನ್ನುತ್ತಾರೆ. ಅಯ್ಯೋ, ಕನ್ನಡದವರೇನ್ರೀ! ಆಮೇಲೆ ಊರು ಯಾವುದು, ಹಾಸನವಾ, ಅಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ ಎಂದು ಮಾತು ಹರಿಯುತ್ತದೆ. ಬೆಂಗಳೂರಿನಲ್ಲಿ ಹೀಗೆ ಹೊತ್ತು ಮೀರಿ ಹೊರಬರುವ ಕನ್ನಡವನ್ನು ನಾನು ‘ತಡಗನ್ನಡ’ ಎಂದು ಕರೆಯುತ್ತೇನೆ.

ಬಿಡಿಸಿ ಹೇಳಬೇಕಾಗಲಿಲ್ಲ, ಅಲ್ವಾ? ಹಳಗನ್ನಡ, ನಡುಗನ್ನಡ, ಹೊಸಗನ್ನಡ ಶಾಲೆಯಲ್ಲೇ ಕಿವಿಗೆ ಬಿದ್ದಿವೆ. ಎರಡು ಪದ ಕೂಡುವಾಗ ಕಕಾರ ಗಕಾರವಾಗುವುದು ನಮ್ಮ ನಾಲಿಗೆಗೆ ಹಳೇ ರೂಢಿ. ವ್ಯಾಕರಣದಲ್ಲಿ ಅದು ಆದೇಶ ಸಂಧಿ. ‘ಕೊಳ್ಳುಬಾಕ’ ಪತ್ರಿಕೆಗಳಲ್ಲಿ ಸಲೀಸಾಗಿ ಓಡಾಡುವುದೂ ‘ಹೊಟ್ಟೆಬಾಕ’ ನಮಗೆ ಮೊದಲೇ ಗೊತ್ತಿರುವುದರಿಂದ. ಹೊಸ ಪದಕ್ಕೆ ಹಳೇ ನೆಂಟರು ಇರಬೇಕು.

ಆದರೆ ನಮ್ಮ ಶ್ರಮವೆಲ್ಲ ಜಾಸ್ತಿ ಹೋಗಿರುವುದು ವಸ್ತುಗಳ ಕಡೆಗೆ. ಕಂಪ್ಯೂಟರು ತನ್ನ ಹೆಸರನ್ನು ಹೊತ್ತುಕೊಂಡೇ ಬಂತು. ನಾವು ‘ಗಣಕಯಂತ್ರ’ ಎಂದೆವು. ಅದು ಕಾಗದಪತ್ರದಲ್ಲಿ ಉಳಿಯಿತು, ಮನೆಯ ಮಾತಿಗೆ ಬರಲಿಲ್ಲ. ‘ಜಾಲತಾಣ’ದಂಥವು ಗೆದ್ದಿವೆ, ನಿಜ. ಆದರೂ ಇರುವ ಹೆಸರಿನ ಜೊತೆ ಗುದ್ದಾಡುವುದು ಕಷ್ಟ. ದಿನನಿತ್ಯದ ಗಳಿಗೆಗಳಿಗೆ ಈ ತೊಂದರೆ ಇಲ್ಲ. ಅಲ್ಲಿ ಜಾಗ ಖಾಲಿ ಇದೆ. ನಾವು ಪದ ಕಟ್ಟಬೇಕಾದದ್ದು ಅಲ್ಲಿ.

ನೆಂಟರು ಹೊರಡುವುದನ್ನೇ ನೋಡಿ. ‘ಬರ್ತೀವಿ’ ಎಂದು ಏಳುತ್ತಾರೆ. ಕುಂಕುಮ ಆಯಿತು, ಚಪ್ಪಲಿ ಮೆಟ್ಟಿದ್ದೂ ಆಯಿತು. ಗೇಟಿನ ಹತ್ತಿರ ಮತ್ತೆ ಅರ್ಧ ಗಂಟೆ! ಒಳಗೆ ಕಾಫಿ ಕುಡಿಯುವಾಗ ಬಾಯಿಗೆ ಬಾರದ್ದು ಅಲ್ಲಿ ಬರುತ್ತದೆ. ಮಗಳಿಗೆ ಗಂಡು ನೋಡುತ್ತಿರುವುದು, ತಮ್ಮನ ಸಾಲ, ಡಾಕ್ಟರು ಹೇಳಿದ್ದು. ಇದಕ್ಕೆ ‘ಗೇಟುಮಾತು’ ಅನ್ನೋಣ. ಗೇಟು ಇಂಗ್ಲಿಷಿನದಲ್ಲವೇ ಎಂದು ಯಾರಾದರೂ ಕೇಳಬಹುದು. ಗೇಟಿಗೆ, ಗೇಟಿನಿಂದ, ಗೇಟಲ್ಲಿ ಎಂದು ನಮ್ಮ ವಿಭಕ್ತಿಗಳನ್ನೆಲ್ಲ ಹಚ್ಚಿಕೊಂಡ ಮೇಲೆ ಅದು ನಮ್ಮದೇ.

ಪದ ಕಟ್ಟಲು ಪಂಡಿತರೇ ಆಗಬೇಕಿಲ್ಲ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 1991ರಿಂದ ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆದರು. ಪದಗಳ ಬಗ್ಗೆ ಕಾಗದ ಬರೆದು ಕೇಳಿದವರು ನಮ್ಮ ನಿಮ್ಮಂಥವರೇ.

ಒಂದು ಗಳಿಗೆಗೆ ಮಾತ್ರ ನನಗಿನ್ನೂ ಪದ ಸಿಕ್ಕಿಲ್ಲ. ಬಸ್ಸಿಗೆ ಕಾದು ಕಾದು ಸಾಕಾಗುತ್ತದೆ. ಆಟೋ ಹತ್ತುತ್ತೀರಿ. ಮೀಟರ್ ಹಾಕಿದ ಕೂಡಲೇ ಹಿಂದಿನಿಂದ ಅದೇ ನಂಬರಿನ ಬಸ್ಸು, ಸೀಟೆಲ್ಲ ಖಾಲಿ! ‘ತಪ್ಪುಬಸ್ಸು’ ಎಂದರೆ ಬೇರೆ ಅರ್ಥವಾಗುತ್ತದೆ. ‘ಹಿಂಬಸ್ಸು’ ಸಪ್ಪೆ. ನಿಮಗೆ ಏನಾದರೂ ಹೊಳೆದಿದ್ದರೆ ಕೈ ಎತ್ತಿ, ಮೈಕು ಅಲ್ಲಿಗೇ ಬರುತ್ತದೆ.